ಕುಂಬಾರನಿಗೆ ಇಪ್ಪತ್ತು ವರುಷ, ದೊಣ್ಣೆಗೆ ಹತ್ತು ದಿನ

ದೆಹಲಿಯ ಲಜಪತ್ ನಗರದಲ್ಲಿ ಸಂಜೆ ಆರರ ಹೊತ್ತಿಗೆ ಒಂದು ಘಮ ಏಳುತ್ತದೆ. ತಂದೂರಿನಿಂದ ಆಗಷ್ಟೇ ತೆಗೆದ, ಮೊಳದುದ್ದದ ಅಫ್ಗನ್ ನಾನ್‌ನ ಘಮ ಅದು. ಆ ಬೀದಿಯ ಔಷಧಿ ಅಂಗಡಿ, ಗೆಸ್ಟ್ ಹೌಸ್, ಹೋಟೆಲುಗಳ ಬೋರ್ಡಿನಲ್ಲಿ ಹಿಂದಿ, ಇಂಗ್ಲಿಷ್ ಜೊತೆಗೆ ಪರ್ಷಿಯನ್ ಲಿಪಿಯೂ ಇರುತ್ತದೆ. ಚಿಕಿತ್ಸೆಗೆಂದು ಕಾಬೂಲ್, ಹೆರಾತ್‌ಗಳಿಂದ ಬಂದವರು, ಬಂದು ವಾಪಸ್ ಹೋಗಲಾಗದೆ ಉಳಿದವರು, ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ದುಭಾಷಿಗಳು ಎಲ್ಲರೂ ಅಲ್ಲೇ ಸಿಗುತ್ತಾರೆ.

ಅಂಥ ಒಬ್ಬ ದುಭಾಷಿ ನನಗೆ ಮೂರು ವರ್ಷದಿಂದ ಪರಿಚಯ. ಹೆಸರು ಬೇಡ, ಅವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. 2021ರ ವಸಂತದಲ್ಲಿ ತಾಯಿಯ ಹೃದಯದ ಚಿಕಿತ್ಸೆಗೆಂದು ದೆಹಲಿಗೆ ಬಂದವರು. ತಾಯಿ ಚೇತರಿಸಿಕೊಳ್ಳುವಷ್ಟರಲ್ಲಿ ಅವರು ಕೆಲಸ ಮಾಡುತ್ತಿದ್ದ ಸರ್ಕಾರವೇ ಇಲ್ಲವಾಗಿತ್ತು. ಕಾಬೂಲ್‌ನ ಒಂದು ಸಚಿವಾಲಯದಲ್ಲಿ, ವಿದೇಶಿ ನೆರವಿನ ಯೋಜನೆಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ಅವರು. ನಾನೂ ಲೆಕ್ಕದವನೇ. ಸರ್ಕಾರಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಅಭಿವೃದ್ಧಿ ಯೋಜನೆಗಳ ಆಡಿಟ್ ಮಾಡುವುದು ನನ್ನ ಹೊಟ್ಟೆಪಾಡು. ಹೀಗಾಗಿ ನಮ್ಮಿಬ್ಬರ ಮಾತು ಬಿರಿಯಾನಿ, ಕ್ರಿಕೆಟ್ ದಾಟಿ ಬಹಳ ಬೇಗ ವೋಚರು, ಬಳಕೆ ಪ್ರಮಾಣಪತ್ರಗಳಿಗೆ ಬಂತು.

ಒಂದು ಸಂಜೆ ಅವರು ಹೇಳಿದರು: ‘ಸಾಹೇಬ್, ನಮ್ಮ ಕಚೇರಿಯಲ್ಲಿ ಒಂದು ವೋಚರೂ ತಪ್ಪಿರಲಿಲ್ಲ. ಪ್ರತಿ ವರ್ಷ ಆಡಿಟ್ ಪಾಸ್. ಆದರೂ ಹತ್ತು ದಿನದಲ್ಲಿ ಎಲ್ಲ ಹೋಯಿತು. ನೀವು ಆಡಿಟರ್. ಯಾವ ಕಾಲಂನಲ್ಲಿ ನಾವು ತಪ್ಪಿದ್ದೆವು ಹೇಳಿ.’

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ಓದಿದ್ದು, ಅವರಿಂದ ಕೇಳಿದ್ದು ಸೇರಿಸಿ ಈ ಲೇಖನ.

ಬಾನ್‌ನಲ್ಲಿ ಹಾಕಿದ ಅಡಿಪಾಯ

2001ರ ಅಕ್ಟೋಬರ್ 7ರಂದು ಅಮೆರಿಕದ ದಾಳಿ ಶುರುವಾಯಿತು. ಎರಡೇ ತಿಂಗಳಲ್ಲಿ ತಾಲಿಬಾನ್ ಆಡಳಿತ ನೆಲಕಚ್ಚಿತು. ಡಿಸೆಂಬರ್ 5ರಂದು ಜರ್ಮನಿಯ ಬಾನ್ ನಗರದಲ್ಲಿ, ವಿಶ್ವಸಂಸ್ಥೆಯ ರಾಯಭಾರಿ ಲಖ್ದರ್ ಬ್ರಾಹಿಮಿ ಅವರ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಹಮೀದ್ ಕರ್ಜೈ ಮಧ್ಯಂತರ ಆಡಳಿತದ ಮುಖ್ಯಸ್ಥರಾದರು. ಆ ಮೇಜಿನ ಸುತ್ತ ಕೂತವರಲ್ಲಿ ಉತ್ತರದ ಸೇನಾನಾಯಕರ ಪ್ರತಿನಿಧಿಗಳಿದ್ದರು, ಮಾಜಿ ದೊರೆಯ ಕಡೆಯವರಿದ್ದರು, ವಿದೇಶದಲ್ಲಿ ನೆಲೆಸಿದ ಗಣ್ಯರಿದ್ದರು. ಸೋತವರಿಗೆ ಮಾತ್ರ ಜಾಗವಿರಲಿಲ್ಲ. ಆಗ ತಾಲಿಬಾನಿನ ಬಹುತೇಕರು ಹಳ್ಳಿಗಳಿಗೆ ಮರಳಿ ಸುಮ್ಮನಿದ್ದರು, ಕೆಲವರು ಶರಣಾಗಲೂ ತಯಾರಿದ್ದರು. ಅವರನ್ನು ಹೊರಗಿಟ್ಟಿದ್ದು ತಪ್ಪಾಯಿತೆಂದು ಬ್ರಾಹಿಮಿ ಅವರೇ ಮುಂದೆ ಒಪ್ಪಿಕೊಂಡರು.

2004ರ ಜನವರಿಯಲ್ಲಿ ಹೊಸ ಸಂವಿಧಾನ ಬಂತು. ಬೆಟ್ಟಗಳಿಂದ ತುಂಡುತುಂಡಾದ, ಪಶ್ತೂನ್, ತಾಜಿಕ್, ಹಜಾರಾ, ಉಜ್ಬೆಕ್ ಎಂದು ಹಲವು ಜನಾಂಗಗಳಿರುವ ದೇಶಕ್ಕೆ ವಿಪರೀತ ಕೇಂದ್ರೀಕೃತವಾದ ವ್ಯವಸ್ಥೆ ಸಿಕ್ಕಿತು. ಪ್ರಾಂತ್ಯದ ಗವರ್ನರ್, ಜಿಲ್ಲಾ ಮುಖ್ಯಸ್ಥ, ಪೊಲೀಸ್ ಮುಖ್ಯಾಧಿಕಾರಿ, ಎಲ್ಲರ ನೇಮಕ ಕಾಬೂಲಿನಿಂದಲೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬೀದರ್‌ನ ಜಿಲ್ಲಾಧಿಕಾರಿಯಿಂದ ಹಿಡಿದು ಔರಾದ್‌ನ ತಹಶೀಲ್ದಾರರವರೆಗೆ ಎಲ್ಲರನ್ನೂ ದೆಹಲಿಯ ಒಬ್ಬರೇ ನೇಮಿಸಿದಂತೆ. ಜಿಲ್ಲಾ ಮಂಡಳಿಗಳಿಗೆ ಚುನಾವಣೆ ನಡೆಯಬೇಕು ಎಂದು ಸಂವಿಧಾನದಲ್ಲೇ ಬರೆದಿತ್ತು. ಆ ಚುನಾವಣೆ ಒಮ್ಮೆಯೂ ನಡೆಯಲಿಲ್ಲ.

‘ನಮ್ಮ ಜಿಲ್ಲೆಗೆ ಬಂದ ಮುಖ್ಯಸ್ಥನಿಗೆ ನಮ್ಮೂರಿನ ದಾರಿ ಗೊತ್ತಿರಲಿಲ್ಲ. ಅವನನ್ನು ಕಳಿಸಿದವರಿಗೆ ಎಷ್ಟು ಕೊಟ್ಟ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು’ ಎಂದು ನನ್ನ ಗೆಳೆಯರು ನಗುತ್ತಾರೆ. ಹುದ್ದೆಗೆ ಹಣ ಕೊಟ್ಟು ಬಂದವನು ಆ ಹಣವನ್ನು ಯಾರಿಂದ ವಸೂಲು ಮಾಡುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಾರ್ಚ್ ತಿಂಗಳ ಕಾಯಿಲೆ

ನಮ್ಮಲ್ಲಿ ಮಾರ್ಚ್ ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ಏನಾಗುತ್ತದೆ ಎಂಬುದು ಆಡಿಟರುಗಳಿಗೆ ಚೆನ್ನಾಗಿ ಗೊತ್ತು. ಹಣ ಖರ್ಚಾಗದಿದ್ದರೆ ಮುಂದಿನ ವರ್ಷದ ಅನುದಾನ ಕಡಿತ. ಹಾಗಾಗಿ ಮಾರ್ಚ್ 31ರೊಳಗೆ ಕುರ್ಚಿ, ಕಂಪ್ಯೂಟರ್, ಬೇಲಿ, ತರಬೇತಿ, ಏನಾದರೂ ಸರಿ, ಬಿಲ್ ಆಗಬೇಕು. ಅಫ್ಗಾನಿಸ್ತಾನದಲ್ಲಿ ಇಪ್ಪತ್ತು ವರ್ಷವೂ ಮಾರ್ಚ್ ತಿಂಗಳೇ.

ಅಮೆರಿಕದ ಸಂಸತ್ತು 2008ರಲ್ಲಿ ಅಫ್ಗನ್ ಪುನರ್ನಿರ್ಮಾಣದ ಲೆಕ್ಕ ನೋಡಲೆಂದೇ ಒಂದು ವಿಶೇಷ ಮಹಾಪರಿವೀಕ್ಷಕರ ಕಚೇರಿ ತೆರೆಯಿತು. ಸಿಗಾರ್ ಎಂಬ ಹೆಸರಿನಿಂದ ಅದು ಪ್ರಸಿದ್ಧ. ಅದರ ವರದಿಗಳನ್ನು ಓದುವುದೆಂದರೆ ಆಡಿಟರ್ ಒಬ್ಬನಿಗೆ ಪತ್ತೇದಾರಿ ಕಾದಂಬರಿ ಓದಿದ ಹಾಗೆ. ಅದರ 2021ರ ಆಗಸ್ಟ್ ವರದಿಯ ಪ್ರಕಾರ, ಪುನರ್ನಿರ್ಮಾಣಕ್ಕೆಂದೇ ಅಮೆರಿಕ ಸುರಿದದ್ದು ಸುಮಾರು 145 ಶತಕೋಟಿ ಡಾಲರ್. ಯುದ್ಧದ ಖರ್ಚು 837 ಶತಕೋಟಿ ಡಾಲರ್ ಬೇರೆ. ಸತ್ತವರ ಲೆಕ್ಕವೂ ಅದರಲ್ಲಿದೆ: ಅಮೆರಿಕದ ಸೈನಿಕರು 2,443, ಮಿತ್ರದೇಶಗಳವರು 1,144, ಅಫ್ಗನ್ ಯೋಧರು ಕನಿಷ್ಠ 66,000, ನಾಗರಿಕರು ಕನಿಷ್ಠ 48,000.

ಹಣ ಹೇಗೆ ಹೋಯಿತು? ಅಫ್ಗನ್ ವಾಯುಪಡೆಗೆಂದು ಇಟಲಿಯಲ್ಲಿ ತಯಾರಾದ 20 ಹಳೆಯ ಜಿ-222 ಸರಕು ವಿಮಾನಗಳನ್ನು ಖರೀದಿಸಿ ದುರಸ್ತಿ ಮಾಡಿಸಲಾಯಿತು. ಖರ್ಚು 549 ದಶಲಕ್ಷ ಡಾಲರ್. ಬಿಡಿಭಾಗ ಸಿಗಲಿಲ್ಲ, ಅಲ್ಲಿನ ಧೂಳು, ಬಿಸಿಲು ತಡೆಯಲಿಲ್ಲ. ಕೊನೆಗೆ ಹದಿನಾರು ವಿಮಾನಗಳನ್ನು ಕಾಬೂಲ್‌ನಲ್ಲೇ ಒಡೆದು, ಪೌಂಡಿಗೆ ಆರು ಸೆಂಟ್‌ನಂತೆ ಗುಜರಿಗೆ ಹಾಕಿದರು. ಹೆಲ್ಮಂದ್ ಪ್ರಾಂತ್ಯದ ಸೇನಾನೆಲೆಯೊಂದರಲ್ಲಿ 64,000 ಚದರಡಿಯ ಕಚೇರಿ ಕಟ್ಟಡ ಎದ್ದಿತು. ಅಲ್ಲಿನ ಸೇನಾಧಿಕಾರಿಗಳೇ ‘ನಮಗೆ ಬೇಡ’ ಎಂದಿದ್ದರು. ಹಣ ಮಂಜೂರಾಗಿದೆಯಲ್ಲ ಎಂದು ಕಟ್ಟಿದರು. ಅದರ ಬೆಲೆ 36 ದಶಲಕ್ಷ ಡಾಲರ್, ಒಂದು ದಿನವೂ ಬಳಸಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಆದರೆ ಇವು ಬರೀ ದುಂದಿನ ಕತೆಗಳಾಗಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ದುಂದು ಇಲ್ಲದ ದೇಶ ಯಾವುದಿದೆ? ಕೆಡುಕು ಇದ್ದದ್ದು ಹಣ ಹರಿದ ದಾರಿಯಲ್ಲಿ. ನೆರವಿನ ಬಹುಪಾಲು ಅಫ್ಗನ್ ಸರ್ಕಾರದ ಖಜಾನೆಗೆ ಬರಲೇ ಇಲ್ಲ. ಅದು ವಿದೇಶಿ ಗುತ್ತಿಗೆದಾರರಿಗೆ, ಅವರಿಂದ ಉಪಗುತ್ತಿಗೆಗೆ, ಅಲ್ಲಿಂದ ಇನ್ನೊಂದು ಉಪಗುತ್ತಿಗೆಗೆ ಹೋಯಿತು. ಕಾಬೂಲಿನ ಹಣಕಾಸು ಸಚಿವಾಲಯಕ್ಕೆ ತನ್ನದೇ ದೇಶದಲ್ಲಿ ಯಾವ ಶಾಲೆ ಎಲ್ಲಿ ಎದ್ದಿದೆ ಎಂಬ ಪೂರ್ತಿ ಪಟ್ಟಿ ಸಿಗುವುದೂ ಕಷ್ಟವಿತ್ತು. ‘ಸರ್ಕಾರದ ಸಾಮರ್ಥ್ಯ ಸಾಲದು, ಅದಕ್ಕೇ ನಾವೇ ಮಾಡುತ್ತೇವೆ’ ಎಂದರು ಬಂದವರು. ಅವರೇ ಮಾಡುತ್ತ ಹೋದದ್ದರಿಂದ ಸರ್ಕಾರದ ಸಾಮರ್ಥ್ಯ ಬೆಳೆಯಲಿಲ್ಲ. ಮಗು ಬೀಳುತ್ತದೆಂದು ಇಪ್ಪತ್ತು ವರ್ಷ ಸೊಂಟದ ಮೇಲೇ ಹೊತ್ತು ತಿರುಗಿ, ಒಂದು ದಿನ ಇಳಿಸಿ ಓಡು ಎಂದರೆ?

ಸಂಬಳದ ಕಥೆ

ನನ್ನ ಗೆಳೆಯರ ಕಚೇರಿಯಲ್ಲಿ ಎರಡು ಸಂಬಳ ಪಟ್ಟಿಗಳಿದ್ದವಂತೆ. ಒಂದು ಕಾಯಂ ನೌಕರರದ್ದು, ಇನ್ನೊಂದು ಯೋಜನೆಯವರದ್ದು. ವಿದೇಶಿ ನೆರವಿನ ಯೋಜನೆಯಲ್ಲಿದ್ದ ಅವರಿಗೆ, ಅದೇ ಕೋಣೆಯ ಎದುರು ಮೇಜಿನಲ್ಲಿ ಕೂರುತ್ತಿದ್ದ ಮೂವತ್ತು ವರ್ಷ ಸೇವೆಯ ಹಿರಿಯ ಗುಮಾಸ್ತರಿಗಿಂತ ಹಲವು ಪಟ್ಟು ಸಂಬಳ. ವಿದೇಶಿ ಸಂಸ್ಥೆಯ ಕಾರು ಓಡಿಸುವವನು ಸರ್ಕಾರಿ ವೈದ್ಯನಿಗಿಂತ ಹೆಚ್ಚು ದುಡಿಯುತ್ತಿದ್ದ ಕಾಲವದು. ಇಂಗ್ಲಿಷ್ ಬಲ್ಲ ಮೇಷ್ಟ್ರುಗಳು ಶಾಲೆ ಬಿಟ್ಟು ದುಭಾಷಿಗಳಾದರು. ಸರ್ಕಾರ ಕಟ್ಟಲು ಬಂದವರೇ ಸರ್ಕಾರದ ಒಳ್ಳೆಯ ನೌಕರರನ್ನು ಕಿತ್ತುಕೊಂಡರು.

ಸೇನೆ, ಪೊಲೀಸರ ಕಥೆ ಇನ್ನೂ ಬೇರೆ. ಕಾಗದದ ಮೇಲೆ ಮೂರು ಲಕ್ಷದ ಪಡೆ. ಅದರಲ್ಲಿ ಎಷ್ಟು ಮಂದಿ ನಿಜವಾಗಿ ಬಂದೂಕು ಹಿಡಿದು ನಿಂತಿದ್ದರು ಎಂಬುದಕ್ಕೆ ನಂಬುವಂಥ ಲೆಕ್ಕ ಕೊನೆಯವರೆಗೂ ಇರಲಿಲ್ಲ. ಸತ್ತವರ, ಓಡಿಹೋದವರ, ಹುಟ್ಟೇ ಇರದವರ ಹೆಸರಿನಲ್ಲೂ ಸಂಬಳ ಬಟವಾಡೆಯಾಗುತ್ತಿತ್ತು. ಮೇಲಧಿಕಾರಿ ಅದನ್ನು ಜೇಬಿಗಿಳಿಸುತ್ತಿದ್ದ.

ಇಲ್ಲೊಂದು ಸ್ವಾರಸ್ಯದ ಪ್ರಸಂಗವಿದೆ. 2009ರಲ್ಲಿ ವರ್ದಕ್ ಪ್ರಾಂತ್ಯದಲ್ಲಿ ಕೆಲವು ಪೊಲೀಸರಿಗೆ ಮೊಬೈಲ್ ಫೋನಿನ ಮೂಲಕ ಸಂಬಳ ಹಾಕುವ ಪ್ರಯೋಗ ನಡೆಯಿತು. ಎಂ-ಪೈಸಾ ಎಂಬ ಸೇವೆ. ನಮ್ಮ ಯುಪಿಐ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಎರಡು ಸಂಗತಿ ಹೊರಬಿದ್ದವು. ಪಟ್ಟಿಯಲ್ಲಿದ್ದವರಲ್ಲಿ ಕನಿಷ್ಠ ಹತ್ತರಲ್ಲೊಬ್ಬ ಪೊಲೀಸ್ ಅಸ್ತಿತ್ವದಲ್ಲೇ ಇರಲಿಲ್ಲ. ಇದ್ದವರಲ್ಲಿ ಕೆಲವರು, ಪೂರ್ತಿ ಸಂಬಳ ಕೈಗೆ ಬಂದದ್ದನ್ನು ಕಂಡು, ಸರ್ಕಾರ ತಮಗೆ ಬಡ್ತಿ ಕೊಟ್ಟಿದೆ ಎಂದುಕೊಂಡರು! ತಮ್ಮ ಸಂಬಳ ಅಷ್ಟಿದೆ ಎಂಬುದೇ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಈಗ ಯೋಚಿಸಿ. ಆ ಪೊಲೀಸ್ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಯಾಕೆ ಕಾಸು ಕೇಳುತ್ತಿದ್ದ? ತನ್ನ ಸಂಬಳ ತಿಂದ ಮೇಲಧಿಕಾರಿಗಾಗಿ ಅವನೇಕೆ ಪ್ರಾಣ ಕೊಡಬೇಕು? ಬೇಲಿಯೇ ಎದ್ದು ಹೊಲ ಮೇಯ್ದಾಗ ರೈತ ಬೇಲಿಯನ್ನು ಪ್ರೀತಿಸುವುದಿಲ್ಲ.

2010ರಲ್ಲಿ ಕಾಬೂಲ್ ಬ್ಯಾಂಕ್ ಹಗರಣ ಹೊರಬಂತು. ಶಿಕ್ಷಕರ, ಸೈನಿಕರ, ಪೊಲೀಸರ ಸಂಬಳ ಹೋಗುತ್ತಿದ್ದದ್ದು ಇದೇ ಬ್ಯಾಂಕಿನ ಮೂಲಕ. ಅದರ ಸಾಲದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಹತ್ತೊಂಬತ್ತು ವ್ಯಕ್ತಿಗಳು ಮತ್ತು ಕಂಪನಿಗಳಿಗೆ ಹೋಗಿತ್ತು. ಷೇರುದಾರರಲ್ಲಿ ಅಧ್ಯಕ್ಷರ ಸಹೋದರರೂ ಒಬ್ಬರು. ಜನರು ಇಟ್ಟ ಠೇವಣಿ ದುಬೈನಲ್ಲಿ ಬಂಗಲೆಗಳಾಗಿ ಮಾರ್ಪಟ್ಟಿತ್ತು. ಬ್ಯಾಂಕಿನ ಮುಂದೆ ಜನ ಸಾಲುಗಟ್ಟಿದರು. ನನ್ನ ಗೆಳೆಯರೂ ಆ ಸಾಲಿನಲ್ಲಿ ಎರಡು ದಿನ ನಿಂತಿದ್ದರಂತೆ. ಸಹಕಾರಿ ಬ್ಯಾಂಕ್ ಮುಳುಗಿ ಪಾಸ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತ ಅನುಭವ ನಮ್ಮ ಎಷ್ಟೋ ಓದುಗರಿಗೂ ಇರಬಹುದು. ಅಂಥ ದಿನ ಒಬ್ಬ ಮನುಷ್ಯನಿಗೆ ತನ್ನ ಸರ್ಕಾರದ ಬಗ್ಗೆ ಏನನಿಸುತ್ತದೆ ಎಂಬುದನ್ನು ಯಾವ ವರದಿಯೂ ಅಳೆಯಲಾರದು.

ಪೆಟ್ಟಿಗೆಯಲ್ಲಿ ತಂದ ಸರ್ಕಾರ

2009-10ರ ಹೊತ್ತಿಗೆ ತಾಲಿಬಾನ್ ಮತ್ತೆ ಚಿಗುರಿತ್ತು. ಅಮೆರಿಕ ಪಡೆ ಹೆಚ್ಚಿಸಿತು, ಅದರ ಸೈನಿಕರ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಆಗ ಎಲ್ಲೆಡೆ ಕೇಳಿಬಂದ ಶಬ್ದ ‘ಸ್ಥಿರೀಕರಣ’. ಮೊದಲು ಸೇನೆ ನುಗ್ಗಿ ಬಂಡುಕೋರರನ್ನು ಓಡಿಸುವುದು, ನಂತರ ಅಲ್ಲೇ ನಿಂತು ಕಾಯುವುದು, ಆಮೇಲೆ ಶಾಲೆ, ರಸ್ತೆ, ನ್ಯಾಯಾಲಯ ಕಟ್ಟುವುದು. ಜನರಿಗೆ ಸೌಕರ್ಯ ಸಿಕ್ಕರೆ ಸರ್ಕಾರದ ಕಡೆ ಒಲಿಯುತ್ತಾರೆ ಎಂಬ ಲೆಕ್ಕಾಚಾರ.

2010ರ ಫೆಬ್ರುವರಿಯಲ್ಲಿ ಹೆಲ್ಮಂದ್‌ನ ಮಾರ್ಜಾ ಎಂಬಲ್ಲಿ ಇದರ ದೊಡ್ಡ ಪ್ರಯೋಗ ನಡೆಯಿತು. ಮಿತ್ರಪಡೆಗಳ ದಂಡನಾಯಕ ಜನರಲ್ ಮೆಕ್‌ಕ್ರಿಸ್ಟಲ್, ಪೆಟ್ಟಿಗೆಯಲ್ಲಿ ಸರ್ಕಾರವನ್ನೇ ಸಿದ್ಧವಾಗಿಟ್ಟುಕೊಂಡಿದ್ದೇವೆ, ತಂದು ಇಳಿಸುವುದಷ್ಟೇ ಬಾಕಿ ಎಂಬ ಅರ್ಥದ ಮಾತಾಡಿದರು. ಮಾರ್ಜಾಕ್ಕೆ ಜಿಲ್ಲಾ ಮುಖ್ಯಸ್ಥನಾಗಿ ಬಂದವರು ವರ್ಷಗಟ್ಟಲೆ ಜರ್ಮನಿಯಲ್ಲಿದ್ದವರು. ಪೆಟ್ಟಿಗೆ ತೆರೆದಾಗ ಒಳಗೆ ಹೆಚ್ಚೇನೂ ಇರಲಿಲ್ಲ. ಅಲ್ಲಿ ಕೆಲಸ ಮಾಡಲು ಕಾಬೂಲಿನ ಅಧಿಕಾರಿಗಳು ಒಪ್ಪಲಿಲ್ಲ, ಬಂದವರು ಉಳಿಯಲಿಲ್ಲ. ಮುಖ್ಯಸ್ಥರನ್ನು ಕೆಲವೇ ತಿಂಗಳಲ್ಲಿ ಬದಲಿಸಲಾಯಿತು.

ಸಿಗಾರ್ 2018ರಲ್ಲಿ ಈ ಸ್ಥಿರೀಕರಣ ಕಾರ್ಯಕ್ರಮಗಳನ್ನೆಲ್ಲ ಅಳೆದು ಕಂಡುಕೊಂಡದ್ದು ಇಷ್ಟು: ಅತ್ಯಂತ ಅಪಾಯದ ಜಿಲ್ಲೆಗಳನ್ನೇ ಮೊದಲು ಆರಿಸಿಕೊಂಡು, ಅತಿ ಹೆಚ್ಚು ಹಣವನ್ನು ಅತಿ ಬೇಗ ಖರ್ಚು ಮಾಡಲಾಯಿತು. ಅದರಿಂದ ಭ್ರಷ್ಟಾಚಾರ ಬೆಳೆಯಿತು. ಅಲ್ಲಿ ಇಲ್ಲಿ ಸಿಕ್ಕ ಯಶಸ್ಸು, ವಿದೇಶಿ ಸೈನಿಕರು ಮತ್ತು ಅಧಿಕಾರಿಗಳು ಆ ಜಿಲ್ಲೆಯಲ್ಲಿ ಇರುವಷ್ಟು ದಿನವಷ್ಟೇ ಉಳಿಯಿತು.

ಅದೇ ಸಮಯದಲ್ಲಿ ತಾಲಿಬಾನ್ ಹಳ್ಳಿಗಳಲ್ಲಿ ಮಾಡಿದ್ದೇನು? ಶಾಲೆ ಕಟ್ಟಲಿಲ್ಲ, ರಸ್ತೆ ಹಾಕಲಿಲ್ಲ. ನ್ಯಾಯ ತೀರ್ಮಾನ ಮಾಡಿತು. ಅಫ್ಗನ್ ಹಳ್ಳಿಯಲ್ಲಿ ಜಗಳವೆಂದರೆ ಬಹುಪಾಲು ಜಮೀನು, ನೀರು. ಮೂವತ್ತು ವರ್ಷದ ಯುದ್ಧದಲ್ಲಿ ಜನ ಊರು ಬಿಟ್ಟು, ಮರಳಿ ಬಂದು, ಒಂದೇ ಹೊಲಕ್ಕೆ ಮೂರು ಜನ ಮೂರು ಕಾಗದ ಹಿಡಿದು ನಿಂತಿದ್ದರು. ಸರ್ಕಾರಿ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ, ಪ್ರತಿ ಮೇಜಿಗೂ ಲಂಚ. ತಾಲಿಬಾನಿನ ಖಾಜಿ ಮೋಟಾರ್‌ಸೈಕಲಿನಲ್ಲಿ ಬಂದು, ಎರಡೂ ಕಡೆ ಕೇಳಿ, ಬೇಗನೆ ತೀರ್ಪು ಕೊಟ್ಟು, ಅದು ಜಾರಿಯಾಗುವಂತೆ ನೋಡಿಕೊಳ್ಳುತ್ತಿದ್ದ. ಆ ನ್ಯಾಯ ಕ್ರೂರವಾಗಿತ್ತು, ಹೆಂಗಸರ ಪಾಲಿಗೆ ಅನ್ಯಾಯವೇ ಆಗಿತ್ತು. ಆದರೂ ‘ನನ್ನ ಚಿಕ್ಕಪ್ಪ ತಾಲಿಬಾನನ್ನು ದ್ವೇಷಿಸುತ್ತಿದ್ದರು. ನೀರಿನ ವ್ಯಾಜ್ಯಕ್ಕೆ ಮಾತ್ರ ಅವರ ಹತ್ತಿರವೇ ಹೋದರು’ ಎಂದು ನನ್ನ ಗೆಳೆಯರು ಹೇಳುವಾಗ ಅವರ ದನಿಯಲ್ಲಿ ನಾಚಿಕೆ ಇರುತ್ತದೆ.

ಹೊರಗಿನಿಂದ ಬಂದವರಿಗೆ ಇದು ತಡವಾಗಿ ಅರ್ಥವಾಯಿತು. ಅರ್ಥವಾದವರು ಅಲ್ಲಿ ಉಳಿಯುತ್ತಲೂ ಇರಲಿಲ್ಲ. ಸೈನಿಕರಿಗೆ ಆರು ತಿಂಗಳಿಂದ ಒಂದು ವರ್ಷದ ಸರದಿ, ರಾಜತಾಂತ್ರಿಕರಿಗೆ ಸಾಮಾನ್ಯವಾಗಿ ಒಂದು ವರ್ಷ. ಊರಿನ ಹಿರಿಯರ ಹೆಸರು ಬಾಯಿಪಾಠವಾಗುವಷ್ಟರಲ್ಲಿ ವರ್ಗ. ಹೊಸಬರು ಮತ್ತೆ ಮೊದಲಿನಿಂದ ಚಹಾ ಕುಡಿಯಲು ಶುರು ಮಾಡಬೇಕು. ಹೀಗಾಗಿ ಅಲ್ಲಿ ನಡೆದದ್ದು ಇಪ್ಪತ್ತು ವರ್ಷದ ಒಂದು ಕೆಲಸವಲ್ಲ, ಒಂದೊಂದು ವರ್ಷದ ಇಪ್ಪತ್ತು ಕೆಲಸಗಳು.

ಹಳ್ಳಿಯ ಕೈಗೆ ಕೊಟ್ಟಾಗ

ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದಂತಾಯಿತೇ? ಇಲ್ಲ. 2003ರಲ್ಲಿ ಅಫ್ಗನ್ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯ, ವಿಶ್ವಬ್ಯಾಂಕಿನ ನೆರವಿನೊಂದಿಗೆ ರಾಷ್ಟ್ರೀಯ ಒಗ್ಗಟ್ಟು ಕಾರ್ಯಕ್ರಮ ಆರಂಭಿಸಿತು. ನಮ್ಮ ಗ್ರಾಮ ಪಂಚಾಯಿತಿ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಳ್ಳಿಯವರು ಗುಪ್ತ ಮತದಾನದಿಂದ ಒಂದು ಸಮಿತಿ ಆರಿಸಬೇಕು, ಅದರಲ್ಲಿ ಹೆಂಗಸರಿಗೂ ಪಾಲಿರಬೇಕು. ಕುಟುಂಬಕ್ಕೆ 200 ಡಾಲರ್ ಲೆಕ್ಕದಲ್ಲಿ, ಊರಿಗೆ ಗರಿಷ್ಠ 60,000 ಡಾಲರ್. ಬಾವಿಯೋ, ಕಾಲುವೆಯೋ, ಸಣ್ಣ ಜಲವಿದ್ಯುತ್ ಘಟಕವೋ, ತೀರ್ಮಾನ ಊರಿನದೇ. ಲೆಕ್ಕವನ್ನು ಎಲ್ಲರ ಮುಂದೆ ಓದಬೇಕು.

ಈ ಯೋಜನೆ ದೇಶದ ಸಾವಿರಾರು ಹಳ್ಳಿಗಳನ್ನು ಮುಟ್ಟಿತು. 500 ಹಳ್ಳಿಗಳಲ್ಲಿ, ಅರ್ಧದಲ್ಲಿ ಯೋಜನೆ ಇದ್ದು ಅರ್ಧದಲ್ಲಿ ಇಲ್ಲದೆ, ಹೋಲಿಸಿ ನೋಡಿದ ಅಧ್ಯಯನವೊಂದು ನಡೆಯಿತು. ಕುಡಿಯುವ ನೀರು, ವಿದ್ಯುತ್ ಸುಧಾರಿಸಿತ್ತು, ಊರಿನ ವ್ಯವಹಾರದಲ್ಲಿ ಹೆಂಗಸರ ಮಾತಿಗೆ ಸ್ವಲ್ಪ ಬೆಲೆ ಬಂದಿತ್ತು. ಆದಾಯ ಹೆಚ್ಚಿದ್ದು ಅಷ್ಟಕ್ಕಷ್ಟೇ. ಪಾಕಿಸ್ತಾನದ ಗಡಿಗೆ ಹತ್ತಿರದ ಪೂರ್ವದ ಜಿಲ್ಲೆಗಳಲ್ಲಿ ಹಿಂಸೆ ಕಡಿಮೆಯಾಗಲಿಲ್ಲ. ಅಂದರೆ ಒಳ್ಳೆಯ ಯೋಜನೆಗೂ ಮಿತಿ ಇತ್ತು. ಊರಿನ ಸಮಿತಿ ಗಟ್ಟಿಯಾಗಿದ್ದರೂ ಅದರ ಮೇಲಿನ ಜಿಲ್ಲಾ ಕಚೇರಿ ಕೊಳೆತಿದ್ದರೆ, ಅಡಿಪಾಯ ಇದ್ದು ಕಂಬವಿಲ್ಲದ ಮನೆಯ ಹಾಗೆ.

ನಾವು ಕಟ್ಟಿದ ರಸ್ತೆ

ಈ ಕಥೆಯಲ್ಲಿ ಭಾರತವೂ ಇದೆ. ಸುಮಾರು ಮೂರು ಶತಕೋಟಿ ಡಾಲರ್ ನೆರವು ನಮ್ಮದು. ಸೈನ್ಯ ಕಳಿಸಲಿಲ್ಲ, ಕಟ್ಟಿ ಕೊಟ್ಟೆವು. ಕಾಬೂಲಿನ ಸಂಸತ್ ಭವನ 2015ರ ಡಿಸೆಂಬರ್ 25ರಂದು ಉದ್ಘಾಟನೆಯಾಯಿತು. ಹೆರಾತ್‌ನ ಸಲ್ಮಾ ಅಣೆಕಟ್ಟು 2016ರ ಜೂನ್ 4ರಂದು. 42 ಮೆಗಾವಾಟ್ ವಿದ್ಯುತ್, 75,000 ಹೆಕ್ಟೇರಿಗೆ ನೀರಾವರಿ. ಪುಲ್-ಎ-ಖುಮ್ರಿಯಿಂದ ಕಾಬೂಲಿಗೆ ಹಿಂದೂಕುಷ್ ದಾಟಿ ವಿದ್ಯುತ್ ಮಾರ್ಗ ಎಳೆದೆವು. ದೇಶದ ಎಲ್ಲ 34 ಪ್ರಾಂತ್ಯಗಳಲ್ಲಿ ಸಣ್ಣ ಸಣ್ಣ ಯೋಜನೆಗಳಿದ್ದವು. ಪ್ರತಿವರ್ಷ ವಿದ್ಯಾರ್ಥಿವೇತನ ಪಡೆದು ಬಂದ ಯುವಕ ಯುವತಿಯರು ಪುಣೆ, ಹೈದರಾಬಾದ್, ಮೈಸೂರುಗಳ ವಿಶ್ವವಿದ್ಯಾಲಯಗಳಲ್ಲಿ ಓದಿದರು. ಪುಣೆಯಲ್ಲಿರುವ ಕನ್ನಡಿಗರಿಗೆ ಅವರ ಪರಿಚಯ ಇದ್ದೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜರಂಜ್–ದೆಲಾರಾಮ್ ಹೆದ್ದಾರಿ. ನಮ್ಮ ಗಡಿ ರಸ್ತೆಗಳ ಸಂಸ್ಥೆ ಕಟ್ಟಿದ 218 ಕಿಲೊಮೀಟರ್. ಇರಾನ್ ಗಡಿಯ ಜರಂಜ್ ಪಟ್ಟಣದಿಂದ ಅಫ್ಗಾನಿಸ್ತಾನದ ವರ್ತುಲ ಹೆದ್ದಾರಿಗೆ ಕೊಂಡಿ. ಪಾಕಿಸ್ತಾನವನ್ನು ಮುಟ್ಟದೆ ಸಮುದ್ರ ಸೇರುವ ದಾರಿ. 2009ರ ಜನವರಿಯಲ್ಲಿ ಪ್ರಣವ್ ಮುಖರ್ಜಿ ಅದನ್ನು ಹಸ್ತಾಂತರಿಸಿದರು. ಅದಕ್ಕಾಗಿ ಕೆಲವು ಭಾರತೀಯರು, ನೂರಕ್ಕೂ ಹೆಚ್ಚು ಅಫ್ಗನ್ನರು ಪ್ರಾಣ ತೆತ್ತರು. 2005ರಲ್ಲಿ ಆ ರಸ್ತೆಯ ಕೆಲಸದಲ್ಲಿದ್ದ ಕೇರಳದ ಚಾಲಕನನ್ನು ಅಪಹರಿಸಿ ಕೊಂದರು. ಮರುವರ್ಷ ಜಾಬೂಲ್‌ನಲ್ಲಿ ಹೈದರಾಬಾದಿನ ಟೆಲಿಕಾಂ ಎಂಜಿನಿಯರ್ ಒಬ್ಬರದ್ದೂ ಅದೇ ಗತಿ. ಅವರಿಬ್ಬರೂ ನಮ್ಮಂತೆಯೇ, ಸಂಬಳಕ್ಕಾಗಿ ಊರು ಬಿಟ್ಟು ಹೋದವರು.

2021ರ ಆಗಸ್ಟ್ 6ರಂದು ತಾಲಿಬಾನ್ ವಶಕ್ಕೆ ಹೋದ ಮೊದಲ ಪ್ರಾಂತೀಯ ರಾಜಧಾನಿ ಯಾವುದು ಗೊತ್ತೇ? ಅದೇ ಜರಂಜ್. ಬಹುಮಟ್ಟಿಗೆ ಹೋರಾಟವೇ ಇಲ್ಲದೆ. ರಸ್ತೆಯೇನೋ ಗಟ್ಟಿಯಾಗಿಯೇ ಇತ್ತು. ಅದನ್ನು ಕಾಯುತ್ತಿದ್ದ ಸರ್ಕಾರ ಗಟ್ಟಿಯಿರಲಿಲ್ಲ.

ಹಾಗಾಗಿ ‘ನಾವು ಅಮೆರಿಕದವರಂತಲ್ಲ’ ಎಂದು ಬೀಗುವ ಮುನ್ನ ಸ್ವಲ್ಪ ನಿಲ್ಲಬೇಕು. ನಾವು ಕಟ್ಟಿದ್ದು ಕಡಿಮೆ ಖರ್ಚಿನದು, ಹೆಚ್ಚು ಬಾಳುವಂಥದ್ದು, ಅಲ್ಲಿನವರು ಕೇಳಿದ್ದು ಎಂಬುದು ನಿಜ. ಅಣೆಕಟ್ಟು ಈಗಲೂ ನಿಂತಿದೆ. ಆದರೆ ಅದೆಲ್ಲವೂ ಬೇರೆಯವರು ಹಿಡಿದು ನಿಂತ ಚಪ್ಪರದ ಕೆಳಗೆ ನಡೆದ ಕೆಲಸ. ಸಂಸತ್ ಭವನ ಕೊಟ್ಟೆವು, ಈಗ ಅದರೊಳಗೆ ಸಂಸತ್ತಿಲ್ಲ. 2021ರ ಆಗಸ್ಟ್‌ನಲ್ಲಿ, ಅಫ್ಗನ್ನರಿಗೆ ಹಿಂದೆ ಕೊಟ್ಟಿದ್ದ ವೀಸಾಗಳನ್ನು ನಾವು ರದ್ದು ಮಾಡಿದೆವು. ಭದ್ರತೆಯ ಕಾರಣ ಇದ್ದಿರಬಹುದು. ರಜೆಗೆಂದು ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಬಿದ್ದರು. ಲಜಪತ್ ನಗರದಲ್ಲಿ ಆ ನೋವು ಇನ್ನೂ ಇದೆ.

ಆ ಹತ್ತು ದಿನ

2020ರ ಫೆಬ್ರುವರಿ 29ರಂದು ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದಕ್ಕೆ ಸಹಿ ಹಾಕಿದವು. ಬಾನ್‌ನಲ್ಲಿ ತಾಲಿಬಾನ್ ಇರಲಿಲ್ಲ, ದೋಹಾದಲ್ಲಿ ಅಫ್ಗನ್ ಸರ್ಕಾರವೇ ಇರಲಿಲ್ಲ. ಅದರ ಅರ್ಥ ಪ್ರತಿ ಠಾಣೆಯ ಸಿಪಾಯಿಗೂ ತಿಳಿಯಿತು: ಇವರು ಹೊರಡುತ್ತಾರೆ. 2021ರಲ್ಲಿ ಪಡೆಗಳ ಜೊತೆಗೆ ವಿಮಾನ, ಹೆಲಿಕಾಪ್ಟರ್ ದುರಸ್ತಿ ಮಾಡುತ್ತಿದ್ದ ಗುತ್ತಿಗೆದಾರರೂ ಹೊರಟರು. ಅಮೆರಿಕದ ವಾಯುಬಲ ನಂಬಿ ಕಟ್ಟಿದ ಸೇನೆ ಅದು. ದೂರದ ಠಾಣೆಗಳಿಗೆ ಅನ್ನ, ಗುಂಡು ತಲುಪುವುದು ನಿಂತಿತು. ಊರಿನ ಹಿರಿಯರು ಮಧ್ಯೆ ನಿಂತರು, ‘ಬಂದೂಕು ಇಟ್ಟು ಮನೆಗೆ ಹೋಗಿ’ ಎಂದರು. ಎಷ್ಟೋ ಕಡೆ ಅಷ್ಟೇ ಆದದ್ದು.

ಆಗಸ್ಟ್ 6ಕ್ಕೆ ಜರಂಜ್. ಆಗಸ್ಟ್ 15ಕ್ಕೆ ಕಾಬೂಲ್. ಅಂದು ದೇಶ ಬಿಟ್ಟು ಹೋದ ಅಧ್ಯಕ್ಷ ಅಶ್ರಫ್ ಘನಿ, ವಿಫಲ ರಾಷ್ಟ್ರಗಳನ್ನು ಸರಿಪಡಿಸುವುದು ಹೇಗೆಂದು 2008ರಲ್ಲಿ ಸಹಲೇಖಕಿಯೊಂದಿಗೆ ಪುಸ್ತಕ ಬರೆದಿದ್ದ ವಿದ್ವಾಂಸರು.

ಅಲ್ಲಿಗೂ ಮುಗಿಯಲಿಲ್ಲ. ಅಫ್ಗನ್ ಸರ್ಕಾರದ ಖರ್ಚಿನಲ್ಲಿ ಮುಕ್ಕಾಲು ಪಾಲು ಬರುತ್ತಿದ್ದದ್ದು ದಾನಿ ದೇಶಗಳಿಂದ. ಅದು ಒಂದೇ ಏಟಿಗೆ ನಿಂತಿತು. ನ್ಯೂಯಾರ್ಕ್‌ನಲ್ಲಿದ್ದ ಕೇಂದ್ರ ಬ್ಯಾಂಕಿನ ಸುಮಾರು ಏಳು ಶತಕೋಟಿ ಡಾಲರ್ ಮೀಸಲು ಹಣವನ್ನು ಅಮೆರಿಕ ತಡೆಹಿಡಿಯಿತು. ಯುದ್ಧ ನಿಂತ ಚಳಿಗಾಲದಲ್ಲಿ ಹಸಿವು ಶುರುವಾಯಿತು. ಶಿಕ್ಷಕರಿಗೆ, ನರ್ಸುಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ತಾಲಿಬಾನಿಗೆ ಕೊಟ್ಟ ಪೆಟ್ಟು ಬಿದ್ದದ್ದು ಅವರ ಬೆನ್ನಿಗೆ.

ಕೊನೆಯ ಸೂಲಗಿತ್ತಿಯರು

ನನ್ನ ಗೆಳೆಯರಿಗೊಬ್ಬಳು ತಂಗಿ. ವಿದೇಶಿ ನೆರವಿನಿಂದ ನಡೆದ ತರಬೇತಿಯಲ್ಲಿ ಸೂಲಗಿತ್ತಿಯಾಗಿ ಕಲಿತವಳು. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಈಗಲೂ ಹೆರಿಗೆ ಮಾಡಿಸುತ್ತಾಳೆ. ತಾಲಿಬಾನ್ ಆಡಳಿತ 2022ರ ಮಾರ್ಚ್‌ನಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆ ತೆರೆಯಲು ಬಿಡಲಿಲ್ಲ, ಅದೇ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್, ಸೂಲಗಿತ್ತಿ ತರಬೇತಿಗೂ ಹೆಂಗಸರು ಬರಬಾರದೆಂದಿತು. ಕಲಿತವರು ಕೆಲಸ ಮಾಡಬಹುದು, ಹೊಸಬರು ಕಲಿಯುವಂತಿಲ್ಲ. ‘ನನ್ನ ತಂಗಿಯ ಮಗಳಿಗೆ ಹದಿನಾಲ್ಕು. ಅವಳ ಹೆರಿಗೆಯ ಹೊತ್ತಿಗೆ ನನ್ನ ತಂಗಿಗೆ ವಯಸ್ಸಾಗಿರುತ್ತದೆ. ಆಗ ಯಾರು ಬರುತ್ತಾರೆ?’ ಎಂದು ಅವರು ಕೇಳುತ್ತಾರೆ.

ಆ ಇಪ್ಪತ್ತು ವರ್ಷ ವ್ಯರ್ಥ ಎಂದು ಸುಲಭವಾಗಿ ಹೇಳುವವರಿಗೆ ನಾನು ಈ ತಂಗಿಯ ವಿಷಯ ಹೇಳುತ್ತೇನೆ. ಶಾಲೆಗೆ ಹೋದ ಲಕ್ಷಾಂತರ ಹುಡುಗಿಯರು, ಬದುಕುಳಿದ ಬಾಣಂತಿಯರು ಸುಳ್ಳಲ್ಲ. ಆ ಹುಡುಗಿಯರಲ್ಲಿ ಕೆಲವರು ಈಗ ಮನೆಯಲ್ಲೇ ಗುಟ್ಟಾಗಿ ತಂಗಿಯರಿಗೆ ಪಾಠ ಹೇಳುತ್ತಿದ್ದಾರೆ. ಅದೇ ರೀತಿ, ಎಲ್ಲವೂ ಸರಿಯಿತ್ತು, ಇನ್ನೈದು ವರ್ಷ ಇದ್ದಿದ್ದರೆ ಸಾಕಿತ್ತು ಎನ್ನುವವರಿಗೆ ವರ್ದಕ್‌ನ ಪೊಲೀಸನ ಕಥೆ ಹೇಳುತ್ತೇನೆ.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ವೋಚರಿನಲ್ಲಿ ತಪ್ಪಿರಲಿಲ್ಲ. ಆದರೆ ಎಲ್ಲ ಕಾಲಂಗಳೂ ಕೊಟ್ಟವರಿಗೆ ಉತ್ತರ ಹೇಳಲು ಇದ್ದವು. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಕಟ್ಟಡ ಎದ್ದಿತು. ಪಡೆದವರು ಪ್ರಶ್ನೆ ಕೇಳಲು ಒಂದು ಕಾಲಂ ಇರಲಿಲ್ಲ. ಜನರಿಂದ ತೆರಿಗೆ ಪಡೆಯುವ ಸರ್ಕಾರ ಜನರಿಗೆ ಹೆದರುತ್ತದೆ. ವಾಷಿಂಗ್ಟನ್‌ನಿಂದ ಹಣ ಪಡೆಯುವ ಸರ್ಕಾರ ವಾಷಿಂಗ್ಟನ್‌ಗೆ ಹೆದರುತ್ತದೆ. ರೈತನ ನೀರಿನ ವ್ಯಾಜ್ಯ ತೀರದಿದ್ದರೆ ಯಾವ ಅಧಿಕಾರಿಯ ಕೆಲಸಕ್ಕೂ ಕುತ್ತು ಬರುತ್ತಿರಲಿಲ್ಲ. ಮಾರ್ಚ್ ವರದಿ ತಡವಾದರೆ ಬರುತ್ತಿತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಿಮ್ಮ ಆಡಿಟ್‌ನಲ್ಲಿ ಆ ಕಾಲಂ ಇದೆಯೇ?’ ಎಂದರು.

ಇರಲಿಲ್ಲ. ಕಳೆದ ತಿಂಗಳು ಕುಡಿಯುವ ನೀರಿನ ಯೋಜನೆಯೊಂದನ್ನು ನೋಡಲು ಹಳ್ಳಿಯೊಂದಕ್ಕೆ ಹೋಗಿದ್ದೆ. ಟ್ಯಾಂಕಿನ ಅಳತೆ, ಬಿಲ್, ಫೋಟೊ ಎಲ್ಲ ಸರಿಯಿತ್ತು. ಹೊರಡುವ ಮುನ್ನ, ನಮ್ಮ ನಮೂನೆಯಲ್ಲಿ ಇಲ್ಲದ ಎರಡು ಪ್ರಶ್ನೆಗಳನ್ನು ಊರಿನ ಹೆಂಗಸರಿಗೆ ಕೇಳಿದೆ: ಯೋಜನೆ ಮುಗಿದ ಮೇಲೆ ಪಂಪ್ ಆಪರೇಟರನ ಸಂಬಳ ಯಾರು ಕೊಡುತ್ತಾರೆ? ನೀರು ಬರದಿದ್ದರೆ ಯಾರ ಬಾಗಿಲಿಗೆ ಹೋಗುತ್ತೀರಿ? ಮೊದಲನೆಯದಕ್ಕೆ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎರಡನೆಯದಕ್ಕೆ ನಾಲ್ವರು ನಾಲ್ಕು ಹೆಸರು ಹೇಳಿದರು. ಎರಡನ್ನೂ ವರದಿಯ ಕೊನೆಯ ಪುಟದಲ್ಲಿ ಬರೆದು ಕಳಿಸಿದ್ದೇನೆ. ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ.